ತೋಟ ಇದೆ, ದುಡ್ಡಿದೆ, ಆದರೂ ವೀಸಾ ಕಾಗದಕ್ಕೆ ಏನೂ ಇಲ್ಲ

ಅಡಿಕೆ ತೋಟದ ಮನೆಯ ಹುಡುಗನೋ ಹುಡುಗಿಯೋ ಎಂಎಸ್ಸಿಗೆ ಅಂತ ಹೊರದೇಶಕ್ಕೆ ಹೊರಟರೆ ಬ್ಯಾಂಕಿನವರೂ ಏಜೆಂಟರೂ ಕೇಳೋದು ಒಂದೇ: ಅಪ್ಪನ ಮೂರು ವರ್ಷದ ಐಟಿ ರಿಟರ್ನ್ ಎಲ್ಲಿ, ಸಂಬಳದ ಚೀಟಿ ಎಲ್ಲಿ? ರೀ, ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ಕಾನೂನೇ ಬೇಡ ಅಂದದ್ದನ್ನು ಕಟ್ಟದೆ ಇದ್ದದ್ದು ತಪ್ಪಾ? ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ನಾಲ್ಕು ಎಕರೆ ಫಸಲಿನ ತೋಟ ಮಾಡಿಕೊಂಡವರೂ ಈ ಒಂದು ಪ್ರಶ್ನೆಗೆ ಕಳ್ಳರ ಹಾಗೆ ತಲೆ ತಗ್ಗಿಸಿ ನಿಲ್ಲಬೇಕು.

ಬ್ರಿಟನ್ನಿನ ಲೆಕ್ಕ ನೋಡಿ. 2025ರ ನವೆಂಬರ್ 11ರಿಂದ ಲಂಡನ್ ಹೊರಗೆ ಓದುವವರು ತಿಂಗಳಿಗೆ 1,171 ಪೌಂಡ್, ಲಂಡನ್ನಿನಲ್ಲಿ ಓದುವವರು 1,529 ಪೌಂಡ್, ಹೀಗೆ ಒಂಬತ್ತು ತಿಂಗಳವರೆಗಿನ ಖರ್ಚು ತೋರಿಸಬೇಕು. ಲಂಡನ್ ಹೊರಗೇ 10,539 ಪೌಂಡ್ ಆಯಿತು. ಅದರ ಮೇಲೆ ಮೊದಲ ವರ್ಷದ ಫೀಸಿನಲ್ಲಿ ಕಟ್ಟದೆ ಉಳಿದದ್ದು. ಅಷ್ಟೂ ಹಣ ಸತತ 28 ದಿನ ಖಾತೆಯಲ್ಲಿ ಕೂತಿರಬೇಕು. ನಡುವೆ ಒಂದು ದಿನ ಕಮ್ಮಿಯಾದರೂ ಎಣಿಕೆ ಮೊದಲಿಂದ. ಆ 28 ದಿನ ಮುಗಿದ ತಾರೀಕು ಅರ್ಜಿ ಹಾಕುವ ದಿನಕ್ಕೆ 31 ದಿನದ ಒಳಗೇ ಇರಬೇಕು. ವಿನಿಮಯ ದರ ಓಆಂಡಾ ಅನ್ನುವ ಕರೆನ್ಸಿ ದರದ ವೆಬ್‌ಸೈಟಿನದ್ದು, ಅದೂ ಅರ್ಜಿ ಹಾಕಿದ ದಿನದ್ದು. ರೂಪಾಯಿ ಸ್ವಲ್ಪ ಇಳಿದರೂ ಸಾಕು, ಲೆಕ್ಕಕ್ಕೆ ಸರಿಯಾಗಿ ಇಟ್ಟವರ ಅರ್ಜಿ ಬಿದ್ದುಹೋಗುತ್ತೆ. ಲಕ್ಷ ರೂಪಾಯಿಯಾದರೂ ಹೆಚ್ಚಿಗೆ ಇಡಿ.

ಸರಿ, ಆ ಹಣ ಯಾರ ಖಾತೆಯಲ್ಲಿರಬೇಕು? ವಿದ್ಯಾರ್ಥಿಯದು, ಇಲ್ಲ ಅಪ್ಪ ಅಮ್ಮನದು, ಇಲ್ಲ ಕಾನೂನುಬದ್ಧ ಪೋಷಕರದು, ಮದುವೆಯಾದವರಿಗೆ ಜೊತೆಗೆ ಹೊರಟ ಗಂಡನದೋ ಹೆಂಡತಿಯದೋ. ಅಷ್ಟೇ. ಅಜ್ಜನ ಖಾತೆ ಆಗಲ್ಲ, ದೊಡ್ಡಪ್ಪನದು ಆಗಲ್ಲ. ನಮ್ಮ ಕಡೆ ಪಾಲಾಗದ ಮನೆಗಳು ಎಷ್ಟಿಲ್ಲ? ಪಹಣಿ ಅಜ್ಜನ ಹೆಸರಲ್ಲಿ, ವ್ಯವಹಾರ ದೊಡ್ಡಪ್ಪನ ಕೈಯಲ್ಲಿ, ಅಡಿಕೆ ಹಣ ಬರೋದೂ ಅವರ ಖಾತೆಗೇ. ಓದಿಸ್ತಾ ಇರೋದು ಇಡೀ ಮನೆ, ಆದರೆ ವೀಸಾ ಕಾಗದದಲ್ಲಿ ಆ ಮನೆಗೆ ಜಾಗವೇ ಇಲ್ಲ. ಅಡಿಕೆ ಮಾರಿದ ಹಣವನ್ನು ಮೊದಲೇ ಅಪ್ಪನ ಖಾತೆಗೆ ಬ್ಯಾಂಕ್ ಮೂಲಕವೇ ಹಾಕಿಸಿಕೊಳ್ಳಿ, ನಗದು ತುಂಬಬೇಡಿ. ಮಂಡಿಯಲ್ಲಿ ಕೊಟ್ಟ ಪಟ್ಟಿ, ತೂಕ ಮತ್ತು ದರ ಕಾಣುವಂಥದ್ದು, ಎತ್ತಿಡಿ. ರಾಶಿ ಅಡಿಕೆಯನ್ನು ದರ ಬರಲಿ ಅಂತ ಮೇ ತಿಂಗಳವರೆಗೆ ಇಟ್ಟು ಒಟ್ಟಿಗೆ ಮಾರಿದರೆ ಖಾತೆಗೆ ಒಂದೇ ಸಲ ದೊಡ್ಡ ಮೊತ್ತ ಬೀಳುತ್ತೆ. ನಮಗೆ ಅದು ವರ್ಷದ ದುಡಿಮೆ, ಫೈಲು ನೋಡುವವರಿಗೆ ಎಲ್ಲಿಂದಲೋ ತಂದಿಟ್ಟ ಹಣ.

ಇನ್ನೊಂದು ಹೊಟ್ಟೆ ಉರಿಯುವ ಸಂಗತಿ, ಸೊಸೈಟಿ ಠೇವಣಿ. ಊರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಹತ್ತು ವರ್ಷದಿಂದ ಇಟ್ಟ ಹಣ ಇರುತ್ತೆ. ಆದರೆ ಈ ಪ್ರಾಥಮಿಕ ಸಂಘಗಳು ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿಲ್ಲ, ಬ್ರಿಟನ್ ಕೇಳೋದು ನಿಯಂತ್ರಣಕ್ಕೆ ಒಳಪಟ್ಟ ಸಂಸ್ಥೆಯನ್ನು. ಅರ್ಜಿಗೆ ಎರಡು ತಿಂಗಳ ಮುಂಚೆಯೇ ಆ ಹಣವನ್ನು ಬ್ಯಾಂಕಿಗೆ ತರಬೇಕು. ಇದನ್ನು ಯಾವ ಏಜೆಂಟನೂ ಮೊದಲ ದಿನ ಬಾಯಿಬಿಟ್ಟು ಹೇಳಲ್ಲ.

ಸಾಲ ಮಾಡೋಣ ಅಂದರೆ ಅಲ್ಲೂ ಗೋಡೆ. ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳ್ತಾರೆ. ತೋಟ ತೋರಿಸಿದರೆ ಬೇಡ ಅಂತಾರೆ. ಕಾರಣ ಬ್ಯಾಂಕ್ ಸಾಲ ವಸೂಲಿಗೆಂದು ಇರುವ 2002ರ ಸರ್ಫೇಸಿ ಕಾಯ್ದೆಯ 31(ಐ) ಕಲಂ: ಕೃಷಿ ಭೂಮಿಗೆ ಆ ಕಾಯ್ದೆ ಅನ್ವಯಿಸಲ್ಲ, ಸಾಲ ಮುಳುಗಿದರೆ ಬ್ಯಾಂಕಿನವರು ಅದರಡಿ ಜಪ್ತಿ ಮಾಡೋಕಾಗಲ್ಲ. ರೈತನನ್ನು ಕಾಯೋಕೆ ಇಟ್ಟ ಕಲಂ ರೈತನ ಮಗಳ ಓದಿಗೆ ಅಡ್ಡ ನಿಂತಿದೆ. ಮನೆ ಇಡೋಣ ಅಂದರೆ ಮನೆ ತೋಟದ ನಡುವೆಯೇ ಇದೆ, ಪಂಚಾಯಿತಿಯ ಇ-ಸ್ವತ್ತು ಖಾತೆ ಆಗಿಲ್ಲ. ಮಂಜೂರಾಗದ ಸರ್ಕಾರಿ ಭೂಮಿಯಲ್ಲಿ ಸಾಗುವಳಿ ಮಾಡಿದ ಬಗರ್ ಹುಕುಂ ಜಾಗದವರ ಪಾಡು ಕೇಳಲೇಬೇಡಿ. ಶಿವಮೊಗ್ಗದಲ್ಲಿ ಮೂವತ್ತು–ನಲವತ್ತರ ಒಂದು ಸೈಟು ಇದ್ದವನಿಗೆ ಸಿಗುವ ಸಾಲ ನಾಲ್ಕು ಎಕರೆ ತೋಟದವನಿಗೆ ಸಿಗಲ್ಲ! ಸಿಕ್ಕವರು ಒಂದು ನೆನಪಿಡಿ: ಬ್ರಿಟನ್ ವೀಸಾಕ್ಕೆ ಶಿಕ್ಷಣ ಸಾಲ ವಿದ್ಯಾರ್ಥಿಯ ಹೆಸರಲ್ಲೇ ಮಂಜೂರಾಗಿರಬೇಕು, ಪತ್ರ ಆರು ತಿಂಗಳೊಳಗಿನದಿರಬೇಕು. ಅದಕ್ಕೆ 28 ದಿನದ ಕಾಟವಿಲ್ಲ.

ಹೆಸರಿನದ್ದು ಬೇರೆಯೇ ಗೋಳು. ಪಹಣಿಯಲ್ಲಿ 'ನಾಗಪ್ಪ ಬಿನ್ ತಿಮ್ಮಪ್ಪ', ಪಾಸ್‌ಬುಕ್ಕಿನಲ್ಲಿ 'ಟಿ. ನಾಗಪ್ಪ', ಮಗಳ ಜನನ ಪ್ರಮಾಣಪತ್ರದಲ್ಲಿ 'ನಾಗಪ್ಪ ಗೌಡ'. ಮೂವರೂ ಒಬ್ಬರೇ ಅಂತ ಊರಿಗೇ ಗೊತ್ತು. ಅಪ್ಪನ ಖಾತೆ ತೋರಿಸುವಾಗ ಜನನ ಪ್ರಮಾಣಪತ್ರವೂ ಒಪ್ಪಿಗೆ ಪತ್ರವೂ ಬೇಕು, ಅಲ್ಲಿ ಹೆಸರು ಕೂಡದಿದ್ದರೆ ಫೈಲು ಅಲ್ಲೇ ನಿಲ್ಲುತ್ತೆ. ಪ್ರವೇಶಕ್ಕೆ ಅರ್ಜಿ ಹಾಕುವ ಮೊದಲೇ ಇದನ್ನು ಸರಿಮಾಡಿಸಿ, ಆಮೇಲೆ ಪುರುಸೊತ್ತಿರಲ್ಲ. ಕನ್ನಡದ ಕಾಗದಕ್ಕೆಲ್ಲ ಇಂಗ್ಲಿಷ್ ಅನುವಾದ ಬೇಕು, ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಸಮೇತ.

ಜರ್ಮನಿ ಇದಕ್ಕಿಂತ ನೇರ. 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋವನ್ನು ಬ್ಲಾಕ್ಡ್ ಖಾತೆಗೆ, ಅಂದರೆ ಒಟ್ಟಿಗೆ ತೆಗೆಯೋಕಾಗದ ಖಾತೆಗೆ, ಹಾಕಬೇಕು, ಅಲ್ಲಿ ತಿಂಗಳಿಗೆ 992 ಬಿಡ್ತಾರೆ. ಅದಕ್ಕೂ ಮೊದಲು ಇಲ್ಲಿನ ಓದಿನ ದಾಖಲೆ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ. ಆದರೆ ಅಷ್ಟೂ ದುಡ್ಡು ಒಂದೇ ಏಟಿಗೆ ಕೈಬಿಡಬೇಕು.

ಓಡಾಟದ ಲೆಕ್ಕ ಯಾರೂ ಹಾಕಲ್ಲ. ಆರು ತಿಂಗಳಿಗಿಂತ ಹೆಚ್ಚು ಓದಲು ಬ್ರಿಟನ್ನಿಗೆ ಹೋಗುವವರು ಕ್ಷಯ ಪರೀಕ್ಷೆ ಮಾಡಿಸಬೇಕು. ಶಿವಮೊಗ್ಗದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜೇ ಇದೆ, ಅಲ್ಲಿನ ಎಕ್ಸ್‌ರೇ ನಡೆಯಲ್ಲ, ಬ್ರಿಟನ್ನಿನವರ ಪಟ್ಟಿಯ ಕ್ಲಿನಿಕ್ಕಿಗೇ ಬೆಂಗಳೂರಿಗೆ ಹೋಗಬೇಕು. ವೀಸಾ ಕೇಂದ್ರದಲ್ಲಿ ಬೆರಳಚ್ಚು ಕೊಡೋಕೆ ಮತ್ತೊಂದು ಸಲ ರಾತ್ರಿ ಬಸ್ಸು. ಅಮೆರಿಕಕ್ಕಾದರೆ ಸಂದರ್ಶನ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ. ಇದೆಲ್ಲ ಬರೋದು ಜೂನ್–ಜುಲೈಯಲ್ಲಿ, ಮರ ಬಿದ್ದು ಮೂರು ದಿನ ಕರೆಂಟಿಲ್ಲದೆ, ಟವರಿನ ಬ್ಯಾಟರಿ ಸತ್ತು, ಒಟಿಪಿ ಬರದೆ ಸ್ಲಾಟು ಕೈತಪ್ಪುವ ದಿನಗಳಲ್ಲಿ. ಅಡಿಕೆಗೆ ಕೊಳೆರೋಗ ಬರುತ್ತೆ ಅಂತ ಮನೆಯವರು ಬೋರ್ಡೋ ದ್ರಾವಣ ಹೊಡೆಸುವುದರಲ್ಲಿರುತ್ತಾರೆ, ಮಕ್ಕಳು ಗುಡ್ಡ ಹತ್ತಿ ಸಿಗ್ನಲ್ ಹುಡುಕ್ತಾ ಇರುತ್ತಾರೆ.

ಈ ಸಂಕಟದ ಮೇಲೆ ಕಾಸು ಮಾಡಿಕೊಳ್ಳುವ ಏಜೆಂಟರ ಮೇಲೇ ನನಗೆ ಎಲ್ಲಕ್ಕಿಂತ ಸಿಟ್ಟು. ಬ್ರಿಟನ್ನಿನ ಹಣದ ಲೆಕ್ಕಕ್ಕೆ ಬಾರದ ಆಸ್ತಿ ಮೌಲ್ಯಮಾಪನ, ಸಿಎ ಪ್ರಮಾಣಪತ್ರಕ್ಕೆ ಸಾವಿರಗಟ್ಟಲೆ ಸುರಿಸ್ತಾರೆ. ತೋಟದ ಬೆಲೆ ಅಲ್ಲಿ ಒಂದು ಪೌಂಡಿಗೂ ಸಮನಲ್ಲ ಅಂತ ಗೊತ್ತಿದ್ದೇ ಸುರಿಸ್ತಾರೆ. ಆಮೇಲೆ "ಒಂದು ತಿಂಗಳಿಗೆ ದುಡ್ಡು ನಾವೇ ತೋರಿಸ್ತೀವಿ, ಬಡ್ಡಿ ಕೊಡಿ" ಅನ್ನೋದು, ಇಲ್ಲ ಬ್ಯಾಂಕ್ ಪತ್ರ ತಿದ್ದೋದು. ಅಧಿಕಾರಿಗಳು ಬ್ಯಾಂಕಿಗೇ ವಿಚಾರಿಸಬಹುದು. ನಕಲಿ ಅಂತಾದರೆ ಬ್ರಿಟನ್ನಿಗೆ ಹತ್ತು ವರ್ಷ ಬಾಗಿಲು ಬಂದ್. ತಿರಸ್ಕಾರವಾದ ಅರ್ಜಿಯ ಜೊತೆ ಅಲ್ಲಿನ ಆರೋಗ್ಯ ಸೇವೆಗೆಂದು ಕಟ್ಟಿದ ಸರ್‌ಚಾರ್ಜ್ ವಾಪಸ್ ಬರುತ್ತೆ, ವೀಸಾ ಶುಲ್ಕ ಬರಲ್ಲ, ಏಜೆಂಟನಿಗೆ ಕೊಟ್ಟದ್ದೂ ಬರಲ್ಲ. ಆ ಹತ್ತು ವರ್ಷ ಬೀಳೋದು ಇಪ್ಪತ್ತೆರಡರ ಹುಡುಗಿಯ ಪಾಸ್‌ಪೋರ್ಟಿನ ಮೇಲೆ. ಏಜೆಂಟ ಮಾರನೇ ದಿನವೇ ಇನ್ನೊಂದು ಮನೆಯ ಪಹಣಿ ಜೆರಾಕ್ಸ್ ತೆಗೆಸ್ತಾ ಕೂತಿರ್ತಾನೆ.