ಆದ್ರೂ ಯಾಕೆ ಸುಮ್ನೆ?

ಹೆರಿಗೆಗೆ ಬರುವಾಗ ಏನೇನು ತರಬೇಕು ಅಂತ ಆಸ್ಪತ್ರೆಯವರು ಒಂದು ಪಟ್ಟಿ ಕೊಟ್ಟಿದ್ದಾರೆ. ಮಗುವಿಗೆ ಅಂಗಿ, ಟೋಪಿ, ಕಾಲುಚೀಲ, ಮೆತ್ತನೆಯ ಟವೆಲ್, ಡೈಪರ್. ಒಂಬತ್ತನೇ ತಿಂಗಳು ಬಿದ್ದಿದೆ, ಇನ್ನಾದರೂ ಬ್ಯಾಗ್ ತುಂಬಿಡೋಣ ಅಂತ ನಿನ್ನೆ ಮಧ್ಯಾಹ್ನ ಮೊಬೈಲ್ ಹಿಡಿದು ಕೂತೆ. ಎಲ್ಲ ಆರಿಸಿ ಆಯಿತು. ಸರಿಯಾಗಿ ದುಡ್ಡು ಕಟ್ಟುವ ಹೊತ್ತಿಗೆ ಬೆನ್ನ ಹಿಂದಿನಿಂದ ಅಮ್ಮನ ದನಿ.

"ಹುಟ್ಟೋಕೆ ಮುಂಚೆ ಹೊಸ ಬಟ್ಟೆ ತರಬಾರದು ಕಣೇ."

"ತಂದ್ರೆ ಏನಾಗುತ್ತಮ್ಮಾ?"

"ಏನೂ ಆಗಲ್ಲ. ಆದ್ರೂ ಯಾಕೆ ಸುಮ್ನೆ?"

ಇದೊಂದು ಮಾತಿನ ಕೈಗೆ ಸಿಕ್ಕಿ ನಾನು ಇಷ್ಟು ತಿಂಗಳಿಂದ ಒದ್ದಾಡುತ್ತಿದ್ದೇನೆ. ವಾದ ಮಾಡೋಣ ಅಂದರೆ ಎದುರುಗಡೆ ವಾದವೇ ಇಲ್ಲ. 'ಏನೂ ಆಗಲ್ಲ' ಅಂತ ನಮ್ಮ ಮಾತನ್ನು ಅವರೇ ಮೊದಲು ಒಪ್ಪಿಕೊಂಡುಬಿಡುತ್ತಾರೆ. ಒಪ್ಪಿಕೊಂಡವರ ಜೊತೆ ಹೇಗೆ ಜಗಳ ಆಡೋದು? ಇವರನ್ನು ಕೇಳಿದೆ. ನನ್ನ ಗಂಡನಿಗೆ ಮನೆಯಲ್ಲಿ ಶಾಂತಿ ಮುಖ್ಯ. "ನೀನು ಹೇಳೋದೂ ಸರಿ, ಅತ್ತೆ ಹೇಳೋದೂ ಸರಿ" ಅಂತ ಹೇಳಿ ಕಸದ ಡಬ್ಬಿ ತೆಗೆದುಕೊಂಡು ಹೊರಗೆ ಹೋದರು. ಕಸದ ಗಾಡಿ ಬೆಳಿಗ್ಗೆಯೇ ಬಂದು ಹೋಗಿತ್ತು.

ಕೊನೆಗೆ ಅಮ್ಮ ತನ್ನ ಹಳೇ ಕಾಟನ್ ಸೀರೆ ಹರಿದು, ಚೌಕ ಚೌಕವಾಗಿ ಮಡಚಿ ಬ್ಯಾಗಿಗೆ ಹಾಕಿದಳು. ಅಂಗಿ, ಟೋಪಿ ಚಿಕ್ಕಮ್ಮನ ಮೊಮ್ಮಗನದ್ದು. ಡೈಪರ್ ಮಾತ್ರ ಹೊಸದು. ಅದು ಬಟ್ಟೆ ಅಲ್ಲವಂತೆ.

ಅಮ್ಮ ಏನೂ ತಿಳಿಯದವಳಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅವಳು ತಿಪಟೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿ ರಿಟೈರ್ ಆದವಳು. ಪರಂಗಿಕಾಯಿಯ ಹಾಲಿನಲ್ಲಿ ಏನಿರುತ್ತೆ, ಹಣ್ಣಾದ ಮೇಲೆ ಅದು ಯಾಕೆ ಕಮ್ಮಿಯಾಗುತ್ತೆ ಅಂತ ನನಗಿಂತ ಚೆನ್ನಾಗಿ ಅವಳೇ ವಿವರಿಸುತ್ತಾಳೆ. ವಿವರಿಸಿ ಮುಗಿಸಿ ನನ್ನ ಮುಂದಿನ ತಟ್ಟೆ ಎತ್ತಿಕೊಂಡು ಹೋಗುತ್ತಾಳೆ. ಆದರೆ ಕಾಫಿಗೆ ಈ ನಿಯಮ ಇಲ್ಲ. ಕಬ್ಬಿಣದ ಮಾತ್ರೆ ತಗೊಳ್ಳುವ ಹೊತ್ತಿನಲ್ಲಿ ಕಾಫಿ ಕುಡಿಯಬೇಡಿ, ಮೈಗೆ ಹತ್ತಲ್ಲ ಅಂತ ಡಾಕ್ಟರೇ ಹೇಳಿದ್ದಾರೆ. "ಅರ್ಧ ಲೋಟಕ್ಕೆ ಏನಾಗುತ್ತೆ, ಕುಡಿ" ಅನ್ನುತ್ತಾಳೆ. ಯಾಕಮ್ಮಾ ಸುಮ್ನೆ ಅಂದರೆ, ಕಾಫಿ ವಿಷಯದಲ್ಲಿ ಹಾಗೆಲ್ಲ ಮಾತಾಡಬಾರದಂತೆ.

ಹೊರಗಿನವರೂ ಕಮ್ಮಿ ಇಲ್ಲ. ಸ್ಕ್ಯಾನಿಂಗ್ ಸೆಂಟರ್‌ಗೆ ಹೋದರೆ ಗೋಡೆ ತುಂಬ ಬೋರ್ಡು, ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ, ಕೇಳುವುದೂ ಅಪರಾಧ ಅಂತ. 1994ರ ಕಾಯ್ದೆ. ಲಕ್ಷಗಟ್ಟಲೆ ಬೆಲೆಯ ಮಿಷನ್ ಇಟ್ಟುಕೊಂಡು ಡಾಕ್ಟರು ಬಾಯಿ ಬಿಡುವ ಹಾಗಿಲ್ಲ. ನಮ್ಮ ಬೀದಿಯ ಆಂಟಿಯರು ಮಾತ್ರ ಸೊಪ್ಪಿನವನ ಮುಂದೆಯೇ ತೀರ್ಪು ಕೊಡುತ್ತಾರೆ. ಹೊಟ್ಟೆ ಮುಂದಕ್ಕೆ ಬಂದಿದೆ, ಗಂಡೇ. ಮುಖ ಕಳೆಗಟ್ಟಿದೆ, ಹೆಣ್ಣೇ. ಸೀಮಂತದ ದಿನ ಒಬ್ಬರು ಗಂಡು ಅಂದು ಹಸಿರು ಬಳೆ ತೊಡಿಸಿದರು, ಹೊರಡುವಾಗ ನಾನು ನಡೆಯೋದು ನೋಡಿ ಹೆಣ್ಣು ಅಂತ ಬದಲಾಯಿಸಿದರು. ಊಟದಲ್ಲಿ ಅಂಥದ್ದೇನಿತ್ತೋ!

ಆ ಸ್ಕ್ಯಾನಿಂಗ್ ಕೋಣೆಯದ್ದು ಇನ್ನೊಂದು ಮಾತು ಇದೆ. ಐದನೇ ತಿಂಗಳಲ್ಲಿ ದೊಡ್ಡ ಸ್ಕ್ಯಾನ್ ಮಾಡುತ್ತಾರಲ್ಲ, ತಲೆಯಿಂದ ಕಾಲಿನವರೆಗೆ ಎಲ್ಲ ಅಳೆಯೋದು, ಆವತ್ತು ಡಾಕ್ಟರು ಮೊದಲು ಚೆನ್ನಾಗಿಯೇ ಮಾತಾಡುತ್ತಿದ್ದರು. ಇದು ಬೆನ್ನುಮೂಳೆ, ಇದು ಕಿಡ್ನಿ. ಹೃದಯಕ್ಕೆ ಬಂದವರು ಸುಮ್ಮನಾಗಿಬಿಟ್ಟರು. ಹೊಟ್ಟೆ ಮೇಲೆ ತಣ್ಣಗಿನ ಜೆಲ್. ಕೋಣೆಯೆಲ್ಲ ಕತ್ತಲು. ಅವರು ಒತ್ತುತ್ತಾರೆ, ತಿರುಗಿಸುತ್ತಾರೆ, ಕೀಲಿ ಒತ್ತಿ ಅಳತೆ ತಗೊಳ್ಳುತ್ತಾರೆ, ಮತ್ತೆ ಒತ್ತುತ್ತಾರೆ. ನನಗೆ ಆಫೀಸಿನಲ್ಲಿ ತಿಂದ ಎರಡು ಹೋಳು ಪರಂಗಿಹಣ್ಣು ನೆನಪಿಗೆ ಬಂತು. ಹಣ್ಣಿಂದ ಏನೂ ಆಗಲ್ಲ ಅಂತ ಗೊತ್ತು. ಆದರೂ ಅದೇ ನೆನಪಿಗೆ ಬಂತು. ಆಮೇಲೆ ಡಾಕ್ಟರು "ಮಗು ಅಡ್ಡ ಮಲಗಿತ್ತು, ಅದಕ್ಕೇ ಲೇಟಾಯ್ತು. ನಾಲ್ಕೂ ಕೋಣೆ ಚೆನ್ನಾಗಿದೆ" ಅಂದರು. ಹೊರಗೆ ಬಂದರೆ ಅಮ್ಮ ಕುರ್ಚಿ ತುದಿಯಲ್ಲಿ ಕೂತಿದ್ದಳು. "ಎಲ್ಲ ಸರಿ ಇದೆಯಂತಾ?" ಅಂದಳು. ಇದೆಯಂತೆ ಅಂದೆ. ಆಟೋದಲ್ಲಿ ಇನ್ನೊಂದು ಸಲ ಕೇಳಿದಳು. ಆವತ್ತು ಮಾತ್ರ ನಾನು ರೇಗಲಿಲ್ಲ.

ಆ ಮೆತ್ತಗಿನ ಮನಸ್ಸು ಗ್ರಹಣದವರೆಗೆ ಉಳಿಯಿತು. ಅಷ್ಟೇ.

2025ರ ಸೆಪ್ಟೆಂಬರ್ 7, ಭಾನುವಾರ. ಪೂರ್ಣ ಚಂದ್ರಗ್ರಹಣ. ನನಗೆ ಏಳನೇ ತಿಂಗಳು. ಟಿವಿಯಲ್ಲಿ ಜ್ಯೋತಿಷಿಗಳು ವಾರದಿಂದಲೇ ಗರ್ಭಿಣಿಯರನ್ನು ಹೆದರಿಸುತ್ತಿದ್ದರು. ಅಮ್ಮ ಶನಿವಾರದ ರೈಲಿಗೆ ಬಂದಳು, ಚೀಲದಲ್ಲಿ ಹತ್ತು ತೆಂಗಿನಕಾಯಿ, ಒಂದು ಕಟ್ಟು ದರ್ಭೆ. ಭಾನುವಾರ ಸಂಜೆ ಹೊತ್ತಿಗೆ ಹಾಲಿಗೆ ದರ್ಭೆ, ಮೊಸರಿಗೆ ದರ್ಭೆ, ಉಪ್ಪಿನಕಾಯಿ ಜಾಡಿಗೆ ದರ್ಭೆ, ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟಿಗೂ ದರ್ಭೆ. ಮೇಲಿನ ಟ್ಯಾಂಕ್ ಓನರ್‌ದು, ಅದಕ್ಕೆ ಹಾಕಬಹುದಾ ಅಂತ ಇವರನ್ನು ಕೇಳಿದಳು. ಇವರು ಕಸದ ಡಬ್ಬಿ ಹುಡುಕಿದರು.

ಕಿಟಕಿಗೆಲ್ಲ ಬೆಡ್‌ಶೀಟ್ ಕಟ್ಟಿ ಆಯಿತು. ನನ್ನ ನೈಟಿಯ ಪಿನ್ನು, ತಲೆಯ ಕ್ಲಿಪ್ಪು ಎಲ್ಲ ಕಿತ್ತುಕೊಂಡಳು. ಹತ್ತು ಗಂಟೆಗೆ ಹಿಡಿದು ಒಂದೂವರೆಗೆ ಬಿಡುತ್ತೆ, ಅಲ್ಲಿವರೆಗೆ ಊಟ ಇಲ್ಲ, ನೀರು ಇಲ್ಲ, ನಿದ್ದೆ ಇಲ್ಲ, ಕೈಕಾಲು ಮಡಚೋ ಹಾಗಿಲ್ಲ. ಇಷ್ಟಕ್ಕೆಲ್ಲ ತಲೆಯಾಡಿಸಿದೆ. ಆಮೇಲೆ, "ಬಾತ್‌ರೂಮಿಗೂ ಹೋಗಬಾರದು" ಅಂದಳು.

ಏಳನೇ ತಿಂಗಳು ಕಳೆದವರಿಗೆ ಗೊತ್ತಿರುತ್ತೆ. ಸಿನಿಮಾ ಥಿಯೇಟರಿನಲ್ಲೂ ಬಾಗಿಲ ಪಕ್ಕದ ಸೀಟು ಕೇಳುವ ಕಾಲ ಅದು. ಮೂರೂವರೆ ಗಂಟೆ!

ಎಂಟೂ ಮುಕ್ಕಾಲಿಗೆ ಒಂದು ಸಲ ಹೋಗಿ ಬಂದೆ. ಒಂಬತ್ತೂವರೆಗೆ ಮತ್ತೆ ಎದ್ದೆ. ಅಮ್ಮ ಗಡಿಯಾರ ನೋಡಿ ಯೋಚನೆ ಮಾಡಿದಳು. "ಈಗ ಇರೋದು ಬರೀ ಅರೆನೆರಳು. 9:57ಕ್ಕೆ ದಟ್ಟ ನೆರಳು ತಾಗೋದು. ಇದು ಲೆಕ್ಕಕ್ಕೆ ಬರಲ್ಲ, ಬೇಗ ಹೋಗಿ ಬಾ." ವಿಜ್ಞಾನ ನನ್ನ ಕೈ ಹಿಡಿದದ್ದು ಅದೊಂದೇ ಸಲ. ಹತ್ತೂವರೆಗೆ ಹಿಡಿತ ತಪ್ಪುತ್ತಾ ಬಂತು. ಮಗು ಬೇರೆ ಸರಿಯಾಗಿ ಅಲ್ಲಿಗೇ ಒದೆಯುತ್ತಿತ್ತು. ಹನ್ನೊಂದಕ್ಕೆ ನಾನು ಅಳುವುದೊಂದು ಬಾಕಿ. "ಅಮ್ಮಾ, ಬಾತ್‌ರೂಮು ಮನೆ ಒಳಗೇ ಇದೆ. ಚಂದ್ರ ಅಲ್ಲಿಗೆ ಹೇಗೆ ಬರ್ತಾನೆ?" ಅಂದೆ.

"ಬಾತ್‌ರೂಮಿಗೆ ವೆಂಟಿಲೇಟರ್ ಇದೆಯಲ್ಲ."

"ಅದು ನನ್ನ ಅಂಗೈ ಅಗಲ ಇಲ್ಲ!"

"ಗೊತ್ತು ಕಣೇ. ಆದ್ರೂ ಯಾಕೆ ಸುಮ್ನೆ?"

ಕೊನೆಗೆ ಅವಳೇ ಒಂದು ದಾರಿ ಹುಡುಕಿದಳು. ಅಪ್ಪನ ಕಾಲದ ದೊಡ್ಡ ಕಪ್ಪು ಛತ್ರಿ. ಹಾಲ್‌ನಲ್ಲೇ ಬಿಚ್ಚಿದಳು. ಮುಂದೆ ಇವರು ಟಾರ್ಚ್ ಹಿಡಿದುಕೊಂಡು, ಮಧ್ಯೆ ಹೊಟ್ಟೆ ಹಿಡಿದುಕೊಂಡು ನಾನು, ಹಿಂದೆ ಛತ್ರಿ ಹಿಡಿದುಕೊಂಡು ಅಮ್ಮ. ಉತ್ಸವ ಮೂರ್ತಿಯ ಹಾಗೆ ಅಡುಗೆಮನೆ ದಾಟಿ ನನ್ನ ಮೆರವಣಿಗೆ ಹೊರಟಿತು. ಬಾತ್‌ರೂಮಿನ ಬಾಗಿಲ ಅಗಲಕ್ಕೆ ಛತ್ರಿ ತೂರಲಿಲ್ಲ. ಅಡ್ಡ ಮಾಡಿದರು, ಓರೆ ಮಾಡಿದರು. ಒಂದು ಕಡ್ಡಿ ಟವೆಲ್ ಸ್ಟ್ಯಾಂಡಿಗೆ ಸಿಕ್ಕಿಕೊಂಡಿತು. ನಾನು ಒಂದು ಕಾಲ ಮೇಲೆ ಒಂದು ಕಾಲು ಒತ್ತಿಕೊಂಡು ನಿಂತಿದ್ದೇನೆ. ಇವರು ತಿರುಗಿ ಟಾರ್ಚ್ ಬಿಟ್ಟರು. ಎದುರಿನ ಗೋಡೆ ಮೇಲೆ ಛತ್ರಿಯ ನೆರಳು ಬಿತ್ತು. ಅಮ್ಮ ಎಲ್ಲ ಬಿಟ್ಟು ಅದನ್ನೇ ನೋಡಿದಳು.

"ಇಲ್ಲಿ ನೋಡು. ಮಧ್ಯದಲ್ಲಿ ಕಪ್ಪಗಿದೆಯಲ್ಲ, ಅದು ದಟ್ಟ ನೆರಳು. ಅಂಚಿನಲ್ಲಿ ಮಸುಕು ಮಸುಕಾಗಿದೆ ನೋಡು, ಅದೇ ಅರೆನೆರಳು. ಅಳಿಯಂದ್ರೇ, ಟಾರ್ಚ್ ಇನ್ನೊಂಚೂರು ಹಿಂದಕ್ಕೆ ತಗೊಳ್ಳಿ."

ಅಳಿಯಂದಿರು ಹಿಂದಕ್ಕೆ ತಗೊಂಡರು! ನಾನು ಛತ್ರಿ ತಳ್ಳಿ ಬಾಗಿಲು ಹಾಕಿಕೊಂಡೆ.

ಕಥೆ ಅಲ್ಲಿಗೇ ಮುಗಿದಿದ್ದರೆ ಕ್ಷಮಿಸಿಬಿಡುತ್ತಿದ್ದೆ. ನಾನು ವಾಪಸ್ ಬಂದು ಕೂತ ಮೇಲೆ ಇವರು ಟೆರೇಸಿಗೆ ಹೋಗಿ ಬಂದು, ಚಂದ್ರ ಪೂರ್ತಿ ಕೆಂಪಾಗಿದ್ದಾನೆ, ಮೋಡದ ಮಧ್ಯೆ ಆಗಾಗ ಕಾಣುತ್ತಾನೆ ಅಂದರು. ಅಮ್ಮನ ಮುಖ ನೋಡಬೇಕಿತ್ತು. "ನೀನು ಅಲ್ಲಾಡಬೇಡ, ನಾನು ನೋಡ್ಕೊಂಡು ಬಂದು ಹೇಳ್ತೀನಿ" ಅಂದವಳೇ ಹೊರಟಳು. ಮಂಡಿ ನೋವು ಅಂತ ಹಗಲೆಲ್ಲ ಹೇಳುತ್ತಿದ್ದವಳು ಮೂರು ಮಹಡಿ ಹತ್ತಿದ್ದಾಳೆ. ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಬೆಡ್‌ಶೀಟಿನ ಹಿಂದೆ ನಾನು ಕಾಲು ಚಾಚಿ, ಬಾಯಿ ಒಣಗಿಸಿಕೊಂಡು ಕೂತಿದ್ದರೆ ಮೇಲಿನಿಂದ ಪಾಠ ಕೇಳಿಸುತ್ತಿತ್ತು. ಭೂಮಿಯ ಗಾಳಿ ಪದರದಲ್ಲಿ ಸೂರ್ಯನ ಬೆಳಕು ಹೇಗೆ ಬಾಗುತ್ತೆ, ನೀಲಿ ಎಲ್ಲ ಹೇಗೆ ಚದುರಿ ಹೋಗುತ್ತೆ, ಕೆಂಪು ಮಾತ್ರ ಹೇಗೆ ಚಂದ್ರನವರೆಗೆ ಹೋಗುತ್ತೆ. ಪಕ್ಕದ ಮನೆ ಹುಡುಗನೊಬ್ಬ ಕೇಳಿದ, "ಅಜ್ಜಿ, ಗ್ರಹಣ ನೋಡಿದ್ರೆ ಕಣ್ಣಿಗೆ ಏನಾದ್ರೂ ಆಗುತ್ತಾ?"

"ಚಂದ್ರಗ್ರಹಣ ಕಣೋ, ಏನೂ ಆಗಲ್ಲ. ಕಣ್ತುಂಬ ನೋಡು."

ಅವನಿಗೆ 'ಆದ್ರೂ' ಇಲ್ಲ! ನಾನು ಮೊಬೈಲಿನಲ್ಲಿ ನೇರ ಪ್ರಸಾರ ನೋಡೋಣ ಅಂತ ಕೈ ಹಾಕಿದರೆ, ಹೋಗುವಾಗ ಅದನ್ನೂ ಎತ್ತಿಕೊಂಡು ಹೋಗಿದ್ದಾಳೆ. ಫೋಟೋ ತೆಗೆಯೋಕೆ.

1:26ಕ್ಕೆ ಬಿಟ್ಟಿತು. ಅಷ್ಟು ಹೊತ್ತಿನಲ್ಲಿ ನೀರು ಕಾಯಿಸಿ ತಾನೇ ತಲೆಗೆ ಹಾಕಿದಳು. ಬಿಸಿ ಅನ್ನ, ತಿಳಿಸಾರು, ಸುಟ್ಟ ಹಪ್ಪಳ. ಎರಡು ಗಂಟೆ ರಾತ್ರಿಯಲ್ಲಿ ತಿಂದ ಆ ಊಟದ ರುಚಿ ಬಗ್ಗೆ ನಾನು ಏನೂ ಹೇಳಲ್ಲ, ಹೇಳಿದರೆ ಅವಳ ಪಕ್ಷಕ್ಕೆ ಸೇರಿದ ಹಾಗಾಗುತ್ತೆ.

ಅದಾಗಿ ಎರಡು ವಾರಕ್ಕೆ, ಮಹಾಲಯ ಅಮಾವಾಸ್ಯೆ ದಿನ, ಸೂರ್ಯಗ್ರಹಣ. ಅದು ಕಾಣೋದು ನ್ಯೂಜಿಲೆಂಡ್, ಅಂಟಾರ್ಕ್ಟಿಕಾ ಕಡೆ. ನಮಗೆ ಆಗ ರಾತ್ರಿ, ಸೂರ್ಯನೇ ಇಲ್ಲ. ಊರಿಂದ ಫೋನ್ ಬಂತು. "ನಮಗೆ ಕಾಣಲ್ಲ, ಲೆಕ್ಕಕ್ಕೂ ಇಲ್ಲ. ಕತ್ತರಿ ಮಾತ್ರ ಮುಟ್ಟಬೇಡ." ಯಾಕೆ ಅಂತ ನಾನು ಕೇಳಲಿಲ್ಲ. ಇವರು ಆವತ್ತು ಹಾಲಿನ ಪ್ಯಾಕೆಟ್ ಹಲ್ಲಿನಲ್ಲಿ ಕಚ್ಚಿ ಹರಿದರು.

ಈಗ ಅಮ್ಮ ಹೆರಿಗೆಗೆ ಅಂತ ಬಂದಿದ್ದಾಳೆ. ಬಾಣಂತನ ತಿಪಟೂರಿನಲ್ಲಿ. ಇವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತಾ ಮುಂದಿನ ವರ್ಷದ ಕ್ಯಾಲೆಂಡರ್ ತಿರುವಿಹಾಕುತ್ತಿದ್ದಳು. ತೊಟ್ಟಿಲು ಶಾಸ್ತ್ರಕ್ಕೆ ದಿನ ನೋಡುತ್ತಿದ್ದಾಳೆ ಅಂದುಕೊಂಡೆ. ಕನ್ನಡಕ ಮೇಲೆತ್ತಿ ನನ್ನ ಕಡೆ ನೋಡಿದಳು.

"2026, ಮಾರ್ಚ್ 3. ಇನ್ನೊಂದು ಇದೆ. ಸಂಜೆ ಚಂದ್ರ ಹುಟ್ಟುವಾಗಲೇ ಹಿಡಿದಿರುತ್ತೆ, ಸ್ವಲ್ಪ ಹೊತ್ತಿಗೆ ಬಿಟ್ಟುಬಿಡುತ್ತೆ. ಏನೂ ಕಷ್ಟ ಇಲ್ಲ. ನೀನು ಮಗೂನ ಇಟ್ಕೊಂಡು ಕೋಣೆ ಒಳಗಿರು, ನಾನು ಮಾಳಿಗೆ ಮೇಲೆ ಹೋಗಿ ನೋಡ್ಕೊಂಡು ಬರ್ತೀನಿ."