ಚೆಂಡಿಗೂ ಒಂದು ಸಾಲಾವಳಿ

ನಮ್ಮ ಭಾವನ ವೇಗ 125.

ಯಾವುದರ ವೇಗ, ಯಾವ ಲೆಕ್ಕದಲ್ಲಿ ಎಂದೆಲ್ಲ ಕೇಳಬಾರದು. ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಲಾಲ್‌ಬಾಗಿನ ವಾಕಿಂಗ್‌ನಲ್ಲಿ, ಕೊನೆಗೆ ಬಿಪಿ ನೋಡುವ ನರ್ಸ್ ಮುಂದೆ ಕೂಡ "ನನ್ನದು ನೂರಾ ಇಪ್ಪತ್ತೈದು" ಎಂದು ಸುಮ್ನೆ ಒಂದು ಮಾತು ತೇಲಿಬಿಡುತ್ತಾರೆ. ನರ್ಸ್ ಮಾತ್ರ "ನಿಮ್ಮ ವಯಸ್ಸಿಗೆ ಚೆನ್ನಾಗೇ ಇದೆ ಅಂಕಲ್" ಎಂದಳಂತೆ. ಇಲ್ಲಿಯವರೆಗೆ ಆ ಸಂಖ್ಯೆಯನ್ನು ಮೆಚ್ಚಿಕೊಂಡವಳು ಅವಳೊಬ್ಬಳೇ.

ಭಾವನಿಗೆ ಗಾಲ್ಫ್ ಹುಚ್ಚು ಹತ್ತಿದ್ದು 2021ರ ಆಗಸ್ಟ್ 7ರಂದು, ಶನಿವಾರ ಬೆಳಗಿನ ಜಾವ. ಅವತ್ತು ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ದಿನದ ಆಟ ಆಡುತ್ತಿದ್ದಳು. ಬರ್ಡಿ ಯಾವುದು ಬೋಗಿ ಯಾವುದು ಗೊತ್ತಿಲ್ಲದ ನಾವೆಲ್ಲ ಫಿಲ್ಟರಿಗೆ ಕಾಫಿ ಪುಡಿ ಹಾಕುವ ಮೊದಲೇ ಟಿವಿ ಹಾಕಿ ಕೂತಿದ್ದೆವು. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನದಲ್ಲಿದ್ದವಳು ನಾಲ್ಕನೆಯವಳಾದಳು. ಒಂದೇ ಒಂದು ಹೊಡೆತ ಕಡಿಮೆಯಾಗಿದ್ದರೆ ಕೊನೇಪಕ್ಷ ಪದಕದ ಪೈಪೋಟಿಯಲ್ಲಿ ಇರುತ್ತಿದ್ದಳು. ಅಕ್ಕ ಕಣ್ಣೊರೆಸಿಕೊಂಡು ಅಡುಗೆ ಮನೆಗೆ ಹೋದಳು. ಭಾವ ಮಾತ್ರ ಛತ್ರಿ ಹಿಡಿದು ಹಾಲಿನಲ್ಲಿ ನಿಂತು ಬೀಸತೊಡಗಿದರು.

ಛತ್ರಿ ಹೋಗಿ ಕೋಲು ಬಂತು. ಕೋಲು ಬಂದ ಮೇಲೆ ಚೆಂಡು ಬರಬೇಕಲ್ಲ. ಅಲ್ಲಿಂದ ಶುರುವಾಯಿತು ನೋಡಿ.

ನಮ್ಮ ಕಾಲದಲ್ಲಿ ಚೆಂಡು ಎಂದರೆ ಅಂಗಡಿಯವನು ಡಬ್ಬಿಯಿಂದ ತೆಗೆದು ನೆಲಕ್ಕೆ ಒಂದು ಸಲ ಕುಟ್ಟಿ ಕೊಡುತ್ತಿದ್ದ ವಸ್ತು. ಪುಟಿದರೆ ಸೈ. ಗಾಲ್ಫ್ ಅಂಗಡಿಯಲ್ಲಿ ಹಾಗಲ್ಲ. ಅಲ್ಲಿ ಕುಟ್ಟಿ ನೋಡುವುದು ಗಿರಾಕಿಯನ್ನು. ಒಂದು ಬಲೆಯ ಮುಂದೆ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಲಾಂಚ್ ಮಾನಿಟರ್ ಎನ್ನುವ ಪೆಟ್ಟಿಗೆ. ನೀವು ಕೋಲು ಬೀಸಿದರೆ ಅದರ ತಲೆ ಎಷ್ಟು ವೇಗದಲ್ಲಿ ಬಂತು, ಚೆಂಡು ಎಷ್ಟು ವೇಗದಲ್ಲಿ ಹೋಯಿತು, ಎಷ್ಟು ಗಿರಗಿರ ತಿರುಗಿತು ಎಂದು ಅದು ಲೆಕ್ಕ ಕೊಡುತ್ತದೆ. ಆ ಲೆಕ್ಕಕ್ಕೆ ಹೊಂದುವ ಚೆಂಡನ್ನು ಅಂಗಡಿಯವರು ಹುಡುಕಿ ಕೊಡುತ್ತಾರೆ. ಗೋತ್ರ, ನಕ್ಷತ್ರ ಕೇಳುವುದಿಲ್ಲ, ಅಷ್ಟೇ. ಉಳಿದದ್ದೆಲ್ಲ ಪಕ್ಕಾ ಸಾಲಾವಳಿ.

ಜೊತೆಗೆ ನಾನೂ ಹೋಗಿದ್ದೆ. ಅಂಗಡಿಯ ಹುಡುಗ "ಆರಾಮಾಗಿ ಹೊಡೀರಿ ಸಾರ್, ದಿನಾ ಹೊಡೆಯೋ ಹಾಗೆ" ಎಂದ. ಭಾವ ಹೊಡೆದರು. ಪರದೆ ಮೇಲೆ 78 ಎಂದು ಬಂತು. ಕೋಲಿನ ತಲೆಯ ವೇಗ, ಗಂಟೆಗೆ ಮೈಲಿ ಲೆಕ್ಕ. ಅಮೆರಿಕದ ಪಿಜಿಎ ಟೂರ್ ಆಟಗಾರರ ಸರಾಸರಿ 115ರ ಆಸುಪಾಸು, ಹವ್ಯಾಸಕ್ಕೆ ಆಡುವ ಗಂಡಸರದು 90ರ ಆಸುಪಾಸು ಎಂದು ಗೋಡೆ ಮೇಲಿನ ಚಾರ್ಟ್ ಹೇಳುತ್ತಿತ್ತು. ಭಾವ ಚಾರ್ಟ್ ನೋಡಿದರು. ಯಂತ್ರ ನೋಡಿದರು. "ಇದು ಬಿಸಿಯಾಗಿಲ್ಲ ಅನ್ಸುತ್ತೆ" ಎಂದರು. ಎರಡನೇ ಸಲ ಹಲ್ಲು ಕಚ್ಚಿ ಬೀಸಿದರು. ಚೆಂಡು ಬಲೆ ಬಿಟ್ಟು ಎಸಿಗೆ ಬಡಿಯಿತು. 81. ಮೂರನೇ ಸಲ ಸೊಂಟ ಹಿಡಿದುಕೊಂಡಿತು. ಅದರ ಸಂಖ್ಯೆಯನ್ನು ಯಂತ್ರ ತೋರಿಸಲಿಲ್ಲ.

ಕಾರಿನಲ್ಲಿ ಬರುವಾಗ ಭಾವ ಮಾತಾಡಲಿಲ್ಲ. ಸಿಗ್ನಲ್ಲಿನಲ್ಲಿ ಮೊಬೈಲ್ ತೆಗೆದು ಏನೋ ಗುಣಿಸಿದರು. ಮುಖ ಅರಳಿತು. 78 ಮೈಲಿ ಎಂದರೆ 125 ಕಿಲೋಮೀಟರ್! ದೇಶ ಮೈಲಿ ಬಿಟ್ಟು ಅರವತ್ತು ವರ್ಷವಾಗಿದೆ, ಭಾವ ಬಿಟ್ಟದ್ದು ಅವತ್ತು. ಬೆಂಗಳೂರಿನ ರಸ್ತೆಯಲ್ಲಿ ಮನುಷ್ಯ 125 ಮುಟ್ಟುವುದು ಇದೊಂದೇ ದಾರಿ ಎಂದುಕೊಂಡು ನಾನೂ ಸುಮ್ಮನಾದೆ.

ಭಾವನನ್ನು ಒಬ್ಬರನ್ನೇ ದೂರುವುದು ತಪ್ಪು. 1971ರಲ್ಲಿ ಅಪೊಲೊ 14ರ ಅಲನ್ ಶೆಪರ್ಡ್ ಚಂದ್ರನ ಮೇಲೆ ನಿಂತು ಎರಡು ಗಾಲ್ಫ್ ಚೆಂಡು ಹೊಡೆದ. ಎರಡನೆಯದು ಮೈಲಿಗಟ್ಟಲೆ ಹೋಯಿತು ಎಂದು ಅಲ್ಲಿಂದಲೇ ಸಾರಿದ. ಎಷ್ಟೋ ವರ್ಷದ ಮೇಲೆ ಫೋಟೋಗಳನ್ನು ಕೂಲಂಕಷವಾಗಿ ಅಳೆದು ನೋಡಿದರೆ 40 ಗಜ. ಮೊದಲನೆಯದು 24. ದಪ್ಪ ಸೂಟು ಹಾಕಿ ಒಂದೇ ಕೈಯಲ್ಲಿ ಹೊಡೆದಿದ್ದ ಪಾಪ, ಅದು ದೊಡ್ಡದೇ. ಆದರೆ ಗುರುತ್ವ ಆರರಲ್ಲಿ ಒಂದು ಪಾಲಿಗೆ ಇಳಿದರೂ ಬೊಗಳೆ ಮಾತ್ರ ಇಳಿಯಲಿಲ್ಲ.

ಮತ್ತೆ ಅಂಗಡಿಗೆ ಬರೋಣ. ಹುಡುಗ 78ಕ್ಕೆ ಹೊಂದುವ ಪೆಟ್ಟಿಗೆಯನ್ನು ತಂದಿಟ್ಟ. ಅದರ ಮೇಲೆ ದೊಡ್ಡದಾಗಿ 'ಸಾಫ್ಟ್' ಎಂದಿತ್ತು. ಬಿಎಂಟಿಸಿ ಬಸ್ಸಲ್ಲಿ ಕಾಲೇಜು ಹುಡುಗಿ ಎದ್ದು ಸೀಟು ಬಿಟ್ಟುಕೊಟ್ಟಾಗ ಭಾವನ ಮುಖ ಹೇಗಾಗುತ್ತದೋ ಹಾಗೇ ಆಯಿತು.

ವಿಷಯ ಇಷ್ಟು. ಗಾಲ್ಫ್ ಚೆಂಡಿನ ತೂಕ 45.93 ಗ್ರಾಂ ದಾಟಬಾರದು, ಅಡ್ಡಳತೆ 42.67 ಮಿಲಿಮೀಟರಿಗೆ ಕಡಿಮೆ ಇರಬಾರದು. ಮೈತುಂಬ ಗುಳಿ. ಪಡ್ಡಿನ ಹಂಚನ್ನು ಸುತ್ತಿ ಉಂಡೆ ಮಾಡಿದ ಹಾಗೆ. ಹಿಂದೆ ಚೆಂಡು ನುಣ್ಣಗಿತ್ತು. ಆಡಿ ಆಡಿ ಗೀರು ಬಿದ್ದ ಹಳೇ ಚೆಂಡೇ ದೂರ ಹೋಗುತ್ತದೆ ಎಂದು ಕಂಡುಕೊಂಡ ಮೇಲೆ ಹೊಸದಕ್ಕೂ ಗುಳಿ ತೋಡಿದರು. ಈಗ ಒಂದೇ ಕಂಪನಿಯ ಒಂದು ಚೆಂಡಿಗೆ 388 ಗುಳಿ, ಅದರ ತಮ್ಮನಿಗೆ 348. ಇದನ್ನು ಎಣಿಸಿದವರು ಇದ್ದಾರೆ.

ಗುಳಿಯ ಒಳಗಿರುವುದು ಕಂಪ್ರೆಷನ್. ಚೆಂಡನ್ನು ಒತ್ತಿದರೆ ಎಷ್ಟು ಅದುಮುತ್ತದೆ ಎನ್ನುವುದರ ಅಂಕಿ. ಮೆತ್ತನೆಯದಕ್ಕೆ 40ರ ಹತ್ತಿರ, ಗಟ್ಟಿಯದಕ್ಕೆ 100ರ ಹತ್ತಿರ. ವೇಗವಾಗಿ ಬೀಸುವವರಿಗೆ ಗಟ್ಟಿ, ನಿಧಾನದವರಿಗೆ ಮೆದು ಎನ್ನುವುದು ಅಂಗಡಿ ಶಾಸ್ತ್ರ. ಭಾವ ಒಂದೊಂದೇ ಚೆಂಡು ತೆಗೆದು ಬಾದಾಮಿ ಮಾವಿನಹಣ್ಣು ನೋಡುವ ಹಾಗೆ ಹೆಬ್ಬೆರಳಲ್ಲಿ ಒತ್ತಿದರು. ಕಂಪ್ರೆಷನ್ ಎಷ್ಟೇ ಇರಲಿ, ಹೆಬ್ಬೆರಳಿಗೆ ಎಲ್ಲವೂ ಗೋಲಿಯೇ. "ಇದು ಫೀಲ್ ಚೆನ್ನಾಗಿದೆ ಕಣಯ್ಯಾ" ಎಂದರು. ಕೋಲು ಮತ್ತು ಚೆಂಡು ಒಂದಕ್ಕೊಂದು ತಾಗಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು ಹೊತ್ತು. ಫೀಲ್ ಎನ್ನುವುದು ಕೈಯಿಂದ ಮಿದುಳಿಗೆ ಹತ್ತುವಷ್ಟರಲ್ಲಿ ಚೆಂಡು ಹೊರಟು ಹೋಗಿರುತ್ತದೆ. ಭಾವನ ವಿಷಯದಲ್ಲಿ, ಹೊಂಡದ ಕಡೆಗೆ.

ಈ ಶಾಸ್ತ್ರದಲ್ಲೂ ಮತಭೇದ ಇದೆ. ಬ್ರಿಜ್‌ಸ್ಟೋನ್ ಕಂಪನಿಯದು ದ್ವೈತ. ಹೌದು, ಟೈರಿನ ಬ್ರಿಜ್‌ಸ್ಟೋನೇ, ಗಾಲ್ಫ್ ಚೆಂಡನ್ನೂ ಮಾಡುತ್ತದೆ. ಜೀವ ಜೀವಕ್ಕೂ ಭೇದ ಉಂಟು, ತಾರತಮ್ಯ ಉಂಟು ಎಂದು ಅವರು ಗೆರೆ ಎಳೆದಿದ್ದಾರೆ. 105 ಮೈಲಿಗಿಂತ ಮೇಲಿನವರಿಗೆ ಒಂದು ಜೋಡಿ ಚೆಂಡು, ಕೆಳಗಿನವರಿಗೆ ಇನ್ನೊಂದು ಜೋಡಿ. ಟೈಟ್ಲಿಸ್ಟ್‌ನವರದು ಅದ್ವೈತ. ಸ್ವಿಂಗ್ ಸ್ಪೀಡ್ ನೋಡಿ ಚೆಂಡು ಆರಿಸುವುದು ಭ್ರಮೆ, ಯಾರು ಹೊಡೆದರೂ ಚೆಂಡು ಅದುಮುತ್ತದೆ, ಕುಳಿಯ ಸುತ್ತಲಿನ ನುಣ್ಣನೆ ಹುಲ್ಲು ಇದೆಯಲ್ಲ, ಆ ಗ್ರೀನ್ ಒಂದೇ ಸತ್ಯ, ಅಲ್ಲಿಂದ ಹಿಂದಕ್ಕೆ ಬಂದು ಆರಿಸಿ ಎನ್ನುತ್ತಾರೆ. ಉಡುಪಿಯವರಿಗೂ ಶೃಂಗೇರಿಯವರಿಗೂ ಇಷ್ಟು ವರ್ಷವಾದರೂ ಬಗೆಹರಿಯದ್ದು ಗಾಲ್ಫ್ ಅಂಗಡಿಯಲ್ಲಿ ಬಗೆಹರಿದೀತೇ? ಹುಂಡಿ ಮಾತ್ರ ಇಬ್ಬರದೂ ತುಂಬುತ್ತಿದೆ. ಒಳ್ಳೇ ಚೆಂಡು ಅಮೆರಿಕದಲ್ಲೇ ಡಜನ್ನಿಗೆ 50 ಡಾಲರ್ ಮೇಲೆ. ಇಲ್ಲಿ ಒಂದು ಚೆಂಡಿನ ದುಡ್ಡಲ್ಲಿ ಗಂಡ ಹೆಂಡತಿ ಮಸಾಲೆ ದೋಸೆ ತಿಂದು, ಕಾಫಿ ಕುಡಿದು, ಆಟೋದಲ್ಲಿ ಬರಬಹುದು.

ನನ್ನ ಓಟು ಅದ್ವೈತಕ್ಕೆ. ಲೆಕ್ಕ ಹಾಕಿ ನೋಡಿ. 18 ಹೋಲಿನ ಆಟದಲ್ಲಿ ದೊಡ್ಡ ಡ್ರೈವರ್ ಕೋಲು ಹಿಡಿಯುವುದು ಸಾಮಾನ್ಯವಾಗಿ 14 ಸಲ. ಭಾವನ ಸ್ಕೋರ್ ಒಳ್ಳೇ ದಿನದಲ್ಲಿ 112. ಉಳಿದ 98 ಹೊಡೆತಕ್ಕೆ ಆ ಸ್ಪೀಡು ಎಲ್ಲಿಯ ಮಾತು? ಮೂರಡಿ ದೂರದ ಪಟ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಮೆಲ್ಲನೆ ಹೊಡೆತ, ತಪ್ಪಿಸಿದಾಗ ನಿಮ್ಮ ಪಟ್ಟಿನ ವೇಗ ಎಷ್ಟು ಸಾರ್ ಎಂದು ಯಾರೂ ಕೇಳುವುದಿಲ್ಲ. ಅದಕ್ಕೆ ಚಾರ್ಟೂ ಇಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವು ನಗುತ್ತೇವಲ್ಲ, ಗಾಲ್ಫಿನವರು ನಗುವ ಹಾಗಿಲ್ಲ. ಅವರ ನೆಲ ಒಂದು ಸಲ ನಿಜವಾಗಿಯೂ ಡೊಂಕಿತ್ತು. ಅಮೆರಿಕದಲ್ಲಿ ರಬ್ಬರ್ ಕಂಪನಿಯ ಫಿಲ್ ಯಂಗ್ ಎಂಬವನು 1932ರಲ್ಲಿ ಒಂದು ಪಟ್ ಹೊಡೆದ. ಹೊಡೆತ ಸರಿಯಾಗೇ ಇತ್ತು, ಚೆಂಡು ಕುಳಿಗೆ ಬೀಳಲಿಲ್ಲ. ತಪ್ಪು ನನ್ನದಲ್ಲ, ಚೆಂಡಿನದು ಎಂದ. ಎಲ್ಲರೂ ಹೀಗೇ ಅನ್ನುತ್ತಾರೆ. ಇವನು ಅಷ್ಟಕ್ಕೇ ಬಿಡದೆ ಚೆಂಡನ್ನು ಎಕ್ಸ್‌-ರೇ ತೆಗೆಸಿದ! ನೋಡಿದರೆ ಒಳಗಿನ ತಿರುಳು ನಟ್ಟನಡುವೆ ಇರಲೇ ಇಲ್ಲ, ಒಂದು ಪಕ್ಕಕ್ಕೆ ಜಾರಿ ಕೂತಿತ್ತು. ಟೈಟ್ಲಿಸ್ಟ್ ಹುಟ್ಟಿದ್ದೇ ಆ ಎಕ್ಸ್‌-ರೇಯಿಂದ. ಅವನು ಚೆಂಡನ್ನು ಸರಿ ಮಾಡಿದ. ಒಳ್ಳೇದಾಯಿತು. ಆದರೆ ಚೆಂಡು ಸರಿಯಾದ ಮೇಲೆ ತಪ್ಪು ಯಾರ ತಲೆಗೆ ಕಟ್ಟುವುದು? ಗಿರಾಕಿಯ ತಲೆಗೆ ಕಟ್ಟಿದರೆ ವ್ಯಾಪಾರ ನಡೆಯುವುದಿಲ್ಲ. ಅದಕ್ಕೇ ಈ ಸಾಲಾವಳಿ. ಚೆಂಡೂ ಚಿನ್ನ, ನೀವೂ ಚಿನ್ನ, ಕೂಟ ಮಾತ್ರ ಕೂಡಿ ಬಂದಿಲ್ಲ ಸಾರ್. ಇನ್ನೊಂದು ಡಬ್ಬಿ ನೋಡೋಣ.

ಭಾವ ನೋಡಿದರು. ಮರುದಿನ ಮತ್ತೆ ಹೋಗಿ 105ಕ್ಕಿಂತ ಮೇಲಿನವರ ಗಟ್ಟಿ ಚೆಂಡನ್ನೇ ಆರಿಸಿದರು. "ನನ್ನದು 125 ತಾನೇ" ಎಂದರು.

ಅಷ್ಟರಲ್ಲಿ ಇನ್ನೊಂದು ಆಘಾತ. ಗಾಲ್ಫ್ ನಿಯಮ ಮಾಡುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ 2023ರ ಡಿಸೆಂಬರ್‌ನಲ್ಲಿ ಒಂದು ಘೋಷಣೆ ಮಾಡಿದ್ದವು. ಚೆಂಡುಗಳು ತೀರಾ ದೂರ ಹಾರುತ್ತಿವೆ, ಮೈದಾನ ಸಾಲುತ್ತಿಲ್ಲ. ಇಲ್ಲಿಯವರೆಗೆ ಚೆಂಡನ್ನು 120 ಮೈಲಿ ವೇಗದಲ್ಲಿ ಹೊಡೆದು ಪರೀಕ್ಷೆ ಮಾಡುತ್ತಿದ್ದೆವು, ಇನ್ನು 125ರಲ್ಲಿ ಮಾಡುತ್ತೇವೆ, ಆದರೂ 317 ಗಜದ ಮಿತಿ, ಮೇಲೆ 3 ಗಜ ರಿಯಾಯಿತಿ, ಅಷ್ಟರೊಳಗೇ ಬೀಳಬೇಕು ಎಂದರು. ಭಾವ ಈ ಸುದ್ದಿ ಓದಿದ್ದು ಮೊನ್ನೆ. 125 ಎಂದು ಕಂಡದ್ದೇ ತಡ, ಪೇಪರ್ ಕೆಳಗಿಟ್ಟರು. "ನೋಡೇ, ನಮ್ಮಂಥವರನ್ನ ಕಟ್ಟಿ ಹಾಕೋಕೇ ಮಾಡಿರೋದು ಇದು" ಎಂದರು ಅಕ್ಕನಿಗೆ. ದೊಡ್ಡ ಹೊಡೆತದವರಿಗೆ 13ರಿಂದ 15 ಗಜ ಕಡಿಮೆಯಾಗಬಹುದು, ಸಾಮಾನ್ಯರಿಗೆ 5 ಗಜವೂ ಆಗಲಿಕ್ಕಿಲ್ಲ ಎಂದು ಅದೇ ಸುದ್ದಿಯ ಕೆಳಗಿತ್ತು. ಭಾವ ಕೆಳಗಿನವರೆಗೆ ಓದಲಿಲ್ಲ. ಅಕ್ಕ ಹುರುಳಿಕಾಯಿ ನಾರು ತೆಗೆಯುತ್ತಾ "ಅಯ್ಯೋ, ಹೌದಾ ರೀ" ಎಂದಳು. ಮೂವತ್ತೆಂಟು ವರ್ಷದ ಸಂಸಾರ ಅದು.

ಅದಿತಿಯ ಆಟ ನೋಡಿದ ಮನುಷ್ಯ ಇವರು, ನನಗೆ ಅದೇ ಬೇಜಾರು. ಟೋಕಿಯೊದಲ್ಲಿ ಚೆಂಡನ್ನು ತೀರಾ ಹತ್ತಿರಕ್ಕೆ ಹೊಡೆಯುತ್ತಿದ್ದವರ ಪೈಕಿ ಅವಳೂ ಒಬ್ಬಳು. ಜೊತೆಯವರು ಹೊಡೆದ ಚೆಂಡು ಮುಂದೆ ಮುಂದೆ, ಇವಳದು ಹಿಂದೆ. ಕೋಲಿನ ಚೀಲ ಹೊತ್ತು ಪಕ್ಕದಲ್ಲಿ ನಡೆದದ್ದು ಅವಳ ಅಮ್ಮ. ಗ್ರೀನ್ ಹತ್ತಿರ ಬಂದ ಮೇಲೆ ಮಾತ್ರ ಹುಡುಗಿ ಪಟ್ ಮೇಲೆ ಪಟ್ ಹಾಕುತ್ತಾ ಪದಕದ ಹೊಸಿಲಿನವರೆಗೆ ಬಂದಳು. ಕ್ಯಾಡಿಯಾಗಿ ಬೇರೆಯವರ ಚೀಲ ಹೊರುತ್ತಿದ್ದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರಲ್ಲ, ಆ ಕಥೆಯನ್ನೂ ಭಾವನಿಗೆ ಹೇಳಿದೆ. "ಅವರ ಸ್ವಿಂಗ್ ಸ್ಪೀಡ್ ಎಷ್ಟಿತ್ತಂತೆ?" ಎಂದು ಕೇಳಿದರು.

ಹೋದ ಭಾನುವಾರ ಊರಾಚೆಯ ಮೈದಾನಕ್ಕೆ ನಾನೂ ಹೋದೆ. ಮೊದಲ ಚೆಂಡು ತೆಗೆದು ಮಾರ್ಕರ್ ಪೆನ್ನಲ್ಲಿ 'ಶ್ರೀ' ಎಂದು ಬರೆದರು. ಯಾರ ಚೆಂಡು ಎಂದು ಗೊತ್ತಾಗಲು ಗುರುತು ಹಾಕುವುದು ಆಟದ ರೂಢಿ. ಭಾವನ ಗುರುತು ಹೊಸ ಲೆಕ್ಕದ ಪುಸ್ತಕದ್ದು. ನಿಂತರು, ಸೊಂಟ ತಿರುಗಿಸಿದರು, ಬೀಸಿದರು. ಚೆಂಡು ಚೆನ್ನಾಗೇ ಎದ್ದಿತು. ಎದ್ದು, ಬಲಕ್ಕೆ ತಿರುಗಿ, ಹೊಂಡದಲ್ಲಿ ಬುಳುಕ್ ಎಂದಿತು. ಬೆಂಗಳೂರಿನ ಕಳೆದುಹೋದ ಕೆರೆಗಳ ಪಟ್ಟಿ ತೆಗೆದರೆ ಚಲ್ಲಘಟ್ಟ ಕೆರೆಯ ಹೆಸರಿನ ಮುಂದೆ 'ಈಗ ಗಾಲ್ಫ್ ಮೈದಾನ' ಎಂದಿರುತ್ತದೆ. ಇಲ್ಲಿ ಮೈದಾನ ಮಾಡಿ, ಅದರೊಳಗೆ ಮತ್ತೆ ಹೊಂಡ ತೋಡಿ, ಅದಕ್ಕೆ ದುಡ್ಡು ಕೊಟ್ಟು ಚೆಂಡು ಹಾಕುತ್ತಿದ್ದೇವೆ. ಎರಡನೇ 'ಶ್ರೀ' ಪೊದೆಗೆ ಹೋಯಿತು. ಹುಡುಕಲು ನಿಯಮ ಕೊಡುವುದು 3 ನಿಮಿಷ. 2019ಕ್ಕಿಂತ ಮುಂಚೆ 5 ಕೊಡುತ್ತಿದ್ದರು. ಇದರ ಬಗ್ಗೆಯೂ ಭಾವನಿಗೆ ಅಸಮಾಧಾನ ಇದೆ. ಒಂಬತ್ತನೇ ಹೋಲಿಗೆ ಡಬ್ಬಿ ಖಾಲಿ.

ವಾಪಸು ಬರುವಾಗ ಗೇಟಿನಾಚೆ ಒಬ್ಬ ಟಿವಿಎಸ್ ನಿಲ್ಲಿಸಿಕೊಂಡು ಕೂತಿದ್ದ. ಮೊಣಕಾಲವರೆಗೆ ಕೆಸರು. ಹ್ಯಾಂಡಲ್ಲಿಗೆ ಈರುಳ್ಳಿಯ ಬಲೆ ಚೀಲ, ಅದರ ತುಂಬ ಗಾಲ್ಫ್ ಚೆಂಡು. ಗಟ್ಟಿ, ಮೆದು, ದ್ವೈತ, ಅದ್ವೈತ ಎಲ್ಲಾ ಒಟ್ಟಿಗೆ. ಒಂದಕ್ಕೆ 60 ರೂಪಾಯಿ.

ಭಾವ ಕಾರು ನಿಲ್ಲಿಸಿ ಇಳಿದರು. ಚೀಲದೊಳಗೆ ಕೈ ಹಾಕಿ ಒಂದೊಂದನ್ನೇ ಹೆಬ್ಬೆರಳಲ್ಲಿ ಒತ್ತಿದರು.

"ಇದ್ರಲ್ಲಿ ನನ್ನ ಸ್ಪೀಡಿಗೆ ಯಾವುದು ಸರಿಹೋಗುತ್ತಪ್ಪಾ?"

"ಯಾವ್ದಾದ್ರೂ ತಗೊಳ್ಳಿ ಸಾರ್" ಎಂದ ಅವನು. "ಎಲ್ಲಾ ಒಂದೇ ಹೊಂಡದ್ದು."

ಭಾವ ಕನ್ನಡಕ ಹಾಕಿಕೊಂಡು 'ಶ್ರೀ' ಇರುವುದನ್ನು ಹುಡುಕತೊಡಗಿದರು.