ಚಳಿಗಾಲದಲ್ಲಿ ಹಂದಿಮರಿಗಳ ಮೇವಿಗೆ ಆಂಟಿಬಯೋಟಿಕ್ ಬೆರೆಸಬೇಕೇ?

ಪರ

ಕಲಬುರಗಿಯಿಂದ ಸೇಡಂ ಕಡೆ ಹೋಗುವ ದಾರಿಯಲ್ಲಿ ನಮ್ಮ ಶೆಡ್ಡು. ಇಪ್ಪತ್ತು ತಾಯಿ ಹಂದಿಗಳಿವೆ. ಡಿಸೆಂಬರ್ ಬಂತೆಂದರೆ ನನಗೆ ನಿದ್ದೆ ಇರುವುದಿಲ್ಲ. ಹಗಲು ಬಿಸಿಲು, ಬೆಳಗಿನ ಜಾವ ಮೈ ನಡುಗುವ ಚಳಿ. ಸುತ್ತಲೂ ಗೋಣಿಚೀಲ ಕಟ್ಟುತ್ತೇನೆ. ಆದರೂ ಹಾಲು ಬಿಡಿಸಿದ ಮರಿಗಳಿಗೆ ಕೆಮ್ಮು ಶುರುವಾಗುತ್ತದೆ. ಬೆಳಿಗ್ಗೆ ಎಬ್ಬಿಸಿದರೆ ಒಂದು ಮರಿ ಅಲ್ಲೇ ನಿಂತುಬಿಡುತ್ತದೆ. ಬೆನ್ನು ಬಾಗಿಸಿ ಏಳೆಂಟು ಸಲ ಒಣಕೆಮ್ಮು. ಎರಡು ಮೂರು ವಾರದಲ್ಲಿ ಇಡೀ ಕೋಣೆಗೆ ಅದೇ.

ಲಸಿಕೆ ಹಾಕಿಸಿ ಅಂತಾರೆ. ಹಂದಿಜ್ವರದ ಲಸಿಕೆ ನಾನು ಯಾವತ್ತೂ ತಪ್ಪಿಸಿಲ್ಲ. ಆದರೆ ಈ ಕೆಮ್ಮು ತರುವ ಮೈಕೋಪ್ಲಾಸ್ಮಾ ಅನ್ನುವ ರೋಗಾಣುವಿನ ಲಸಿಕೆಯನ್ನು ಹುಡುಕಿ ತರಿಸಬೇಕು. 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಕರೆಂಟ್ ಹೋದರೆ? ಬಾಟಲಿ ತೆರೆದರೆ ಆ ದಿನವೇ ಮುಗಿಸಬೇಕು, ನನ್ನಲ್ಲಿ ಆ ವಾರ ಲಸಿಕೆಯ ವಯಸ್ಸಿಗೆ ಬಂದಿರುವುದು ಹನ್ನೆರಡೇ ಮರಿ. ಇಷ್ಟಾದರೂ ಅದು ರೋಗಾಣು ಒಳಗೆ ಬರದಂತೆ ತಡೆಯುವುದಿಲ್ಲ, ಶ್ವಾಸಕೋಶದ ಗಾಯ ಕಡಿಮೆ ಮಾಡುತ್ತದೆ.

ರೋಗ ಬಂದ ಮೇಲೆ ಇಂಜೆಕ್ಷನ್ ಕೊಡೋಣ ಅಂದರೆ, ನಾನು, ನನ್ನ ಹೆಂಡತಿ, ಇಬ್ಬರೇ. ಅರವತ್ತು ಮರಿ ಹಿಡಿಯಬೇಕು, ಅದೂ ಮೂರು ದಿನ. ಹಿಡಿಯುವ ಗಾಬರಿಗೇ ಅವುಗಳ ದಮ್ಮು ಜಾಸ್ತಿಯಾಗುತ್ತದೆ. ಅದಕ್ಕೇ ಡಾಕ್ಟರು ಬರೆದುಕೊಟ್ಟ ಅಳತೆಯಲ್ಲಿ, ಹಾಲು ಬಿಡಿಸಿದ ಮೇಲೆ ಏಳು ದಿನ ಮೇವಿಗೆ ಟೈಲೋಸಿನ್ ಅನ್ನುವ ಆಂಟಿಬಯೋಟಿಕ್ ಬೆರೆಸುತ್ತೇನೆ. ಮಾರುವುದು ಏಳೆಂಟು ತಿಂಗಳಿಗೆ. ಅಷ್ಟು ಹೊತ್ತಿಗೆ ಮಾಂಸದಲ್ಲಿ ಔಷಧಿ ಉಳಿದಿರುವುದಿಲ್ಲ. ಹತ್ತು ಮರಿ ಉಳಿದರೆ ಮಗಳ ಕಾಲೇಜು ಫೀಸು ಆಯಿತು. ಇದು ತಪ್ಪು ಅನ್ನುವವರು ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ನಮ್ಮ ಶೆಡ್ಡಿಗೆ ಬರಲಿ.

ವಿರೋಧ

ಬೀದರ್ ಸುತ್ತಮುತ್ತ ದನ, ಆಡು, ಹಂದಿ ನೋಡುವ ಡಾಕ್ಟರ್ ನಾನು. ಅಂಥದ್ದೇ ಇನ್ನೊಂದು ಶೆಡ್ಡಿಗೆ ಡಿಸೆಂಬರ್ ಬೆಳಿಗ್ಗೆಯೇ ಹೋಗಿದ್ದೇನೆ. ನಿಂತು ನೋಡಿದರೆ ಏನೂ ಅನ್ನಿಸುವುದಿಲ್ಲ. ಮರಿಯ ಮೂಗಿನ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತರೆ ಉಚ್ಚೆಯ ಘಾಟು ಕಣ್ಣಿಗೆ ಹೊಡೆಯುತ್ತದೆ. ಅದು ಅಮೋನಿಯ. ಉಸಿರಿನ ಕೊಳವೆಯೊಳಗೆ ಕಸ ಹೊರಗೆ ತಳ್ಳುವ ಸಣ್ಣ ಸಣ್ಣ ಕೂದಲುಗಳನ್ನು ಅದು ಹಾಳು ಮಾಡುತ್ತದೆ. ಮೈಕೋಪ್ಲಾಸ್ಮಾ ಬಂದು ಕೂರುವುದೂ ಅಲ್ಲೇ. ನೆಲದಿಂದ ತಗಡಿನವರೆಗೆ ಬಿಗಿದ ಗೋಣಿಚೀಲ ಚಳಿಯನ್ನೇನೋ ತಡೆದಿತ್ತು, ಆದರೆ ಆ ಗಾಳಿಯನ್ನು ಒಳಗೇ ಕೂಡಿಹಾಕಿತ್ತು. ಮೇಲೆ ಒಂದು ಮೊಳ ಬಿಟ್ಟು ಕಟ್ಟಿ ಅಂದೆ.

ಸತ್ತ ಮರಿಯೊಂದನ್ನು ಕೊಯ್ದು ಆ ಶೆಡ್ಡಿನ ಮನೆಯವರಿಗೆ ತೋರಿಸಿದೆ. ಶ್ವಾಸಕೋಶದ ಹಿಂಭಾಗ ಗುಲಾಬಿ, ಮೆತ್ತಗೆ. ಮುಂದಿನ ಕೆಳತುದಿಗಳು ನೇರಳೆ, ಒತ್ತಿದರೆ ಗಟ್ಟಿ. ಗಟ್ಟಿ ತುಂಡನ್ನು ಬಕೆಟ್ ನೀರಿಗೆ ಹಾಕಿದೆ. ಮುಳುಗಿತು. ಮೆತ್ತನೆಯದು ತೇಲಿತು.

ಅವರು ತಿಂಗಳಿಂದ ಮೇವಿಗೆ ಬೆರೆಸುತ್ತಿದ್ದದ್ದು ಅಮಾಕ್ಸಿಸಿಲಿನ್. ರೋಗಾಣು ತನ್ನ ಗೋಡೆ ಕಟ್ಟಿಕೊಳ್ಳದಂತೆ ಮಾಡುವ ಔಷಧಿ ಅದು. ಮೈಕೋಪ್ಲಾಸ್ಮಾಕ್ಕೆ ಗೋಡೆಯೇ ಇಲ್ಲ! ವೈರಸ್‌ನಿಂದ ಬಂದ ಕೆಮ್ಮಿಗಂತೂ ಯಾವ ಆಂಟಿಬಯೋಟಿಕ್ಕೂ ನಾಟುವುದಿಲ್ಲ. ಟೈಲೋಸಿನ್ ಮೈಕೋಪ್ಲಾಸ್ಮಾಕ್ಕೆ ನಾಟುತ್ತದೆ, ನಿಜ. ಆದರೆ ಮೇವಿನಲ್ಲಿ ಕೊಟ್ಟರೆ ಗಟ್ಟಿಮುಟ್ಟಾದ ಮರಿ ಜಾಸ್ತಿ ತಿನ್ನುತ್ತದೆ, ಮೇವು ಬಿಟ್ಟ ಮರಿಗೆ ಅರ್ಧ ಡೋಸೂ ಸಿಗುವುದಿಲ್ಲ. ಅರ್ಧ ಡೋಸಿನಲ್ಲಿ ಬದುಕಿಕೊಂಡ ರೋಗಾಣುವೇ ನಾಳೆ ಔಷಧಿಗೆ ಜಗ್ಗುವುದಿಲ್ಲ.

ಕೊಲಿಸ್ಟಿನ್ ಅಂತ ಒಂದು ಔಷಧಿ ಇದೆ. ಬೇರೆಲ್ಲ ಸೋತಾಗ ಐಸಿಯುನಲ್ಲಿ ಮನುಷ್ಯರಿಗೆ ಕೊಡುವಂಥದ್ದು. ರೋಗಾಣು ಅದಕ್ಕೆ ಜಗ್ಗದಂತೆ ಮಾಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವ ಜೀನ್ 2015ರಲ್ಲಿ ಚೀನಾದ ಹಂದಿಗಳಲ್ಲಿ ಪತ್ತೆಯಾಯಿತು. 2019ರಲ್ಲಿ ನಮ್ಮ ಸರ್ಕಾರವೂ ಹಂದಿ, ಕೋಳಿಯಂಥ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಯುರೋಪ್ ಒಕ್ಕೂಟದಲ್ಲಿ 2022ರ ಜನವರಿಯಿಂದ ಮುಂಜಾಗ್ರತೆಗೆಂದು ಸುಮ್ನೆ ರೂಢಿಯಾಗಿ ಯಾವ ಆಂಟಿಬಯೋಟಿಕ್ಕನ್ನೂ ಕೊಡುವ ಹಾಗಿಲ್ಲ. ನಮ್ಮಲ್ಲಿ ಶೆಡ್ಡಿನ ಗೊಬ್ಬರ ತೊಗರಿ ಹೊಲಕ್ಕೆ ಹೋಗುತ್ತದೆ, ಅದರ ಜೊತೆ ಈ ಜಗ್ಗದ ರೋಗಾಣುಗಳೂ ಹೋಗಬಹುದು.

ಇಬ್ಬರೇ ದುಡಿಯುವವರ ಕಷ್ಟ ನನಗೆ ಗೊತ್ತು. ಲಸಿಕೆ ಪೂರ್ತಿ ತಡೆಯುವುದಿಲ್ಲ ಅನ್ನುವುದೂ ನಿಜ. ಆದರೆ ಗಾಯ ಕಡಿಮೆಯಾದರೆ ಮರಿ ಮೇವು ಬಿಡುವುದಿಲ್ಲ, ತೂಕ ಬರುತ್ತದೆ, ಬೇಕಾದದ್ದು ಅದೇ ಅಲ್ವಾ? ನಾಲ್ಕು ಮನೆಯವರ ತಾಯಿ ಹಂದಿಗಳು ಒಂದೇ ವಾರ ಮರಿ ಹಾಕುವಂತೆ ಹೊಂದಿಸಿಕೊಂಡರೆ ಒಂದು ಬಾಟಲಿ ಒಂದೇ ದಿನಕ್ಕೆ ಖಾಲಿ. ಮೂರನೇ ವಾರಕ್ಕೆ, ಹಾಲು ಬಿಡಿಸುವ ಮೊದಲು ಹಾಕಬೇಕು. ಒಬ್ಬರ ಸೂಜಿ, ಚಪ್ಪಲಿ ಇನ್ನೊಬ್ಬರ ಶೆಡ್ಡಿಗೆ ಹೋಗಬಾರದು. ಕೆಮ್ಮು ಬಂದೇಬಿಟ್ಟರೆ ಆ ಮರಿಗಳನ್ನು ಬೇರೆ ಮಾಡಿ, ಡೋಸು ಪೂರ್ತಿ ಇಂಜೆಕ್ಷನ್ ಕೊಡಿ. ಔಷಧಿಯೇ ಬೇಡ ಅನ್ನುತ್ತಿಲ್ಲ ನಾನು.

ಹದಿನೈದು ದಿನ ಬಿಟ್ಟು ಅದೇ ಶೆಡ್ಡಿಗೆ ಹೋದೆ. ಗೋಣಿಚೀಲದ ಮೇಲೆ ಮೊಳದಷ್ಟು ಬೆಳಕು ಕಾಣುತ್ತಿತ್ತು. ಎರಡು ಮರಿ ಇನ್ನೂ ಕೆಮ್ಮುತ್ತಿದ್ದವು. ಕುಕ್ಕರಗಾಲಲ್ಲಿ ಕೂತೆ. ಕಣ್ಣು ಉರಿಯಲಿಲ್ಲ.